ಅಪ್ಪನ ಫೋಟೋದ ಸ್ಕ್ರೂ

ಐತವಾರ ಬೆಳಿಗ್ಗೆ ಜ್ಯೋತಿ ಕಸ ಹೊಡೆಯುತ್ತಿದ್ದಾಗ ಗೋಡೆಯ ಮೇಲಿದ್ದ ಅಪ್ಪನ ಫೋಟೋ ಒಂದು ಕಡೆ ಕಳಚಿ ಜೋತುಬಿತ್ತು. ಕಂಬಳಿ ಹೊದ್ದು, ರುಮಾಲು ಸುತ್ತಿ, ಕುರಿಮರಿಯೊಂದನ್ನು ಎದೆಗವಚಿಕೊಂಡಿದ್ದ ಹೊನ್ನೂರಪ್ಪ ವಾರೆಯಾಗಿಯೂ ನಗುತ್ತಲೇ ಇದ್ದ. ಸ್ಕ್ರೂ ಉರುಳಿ ಕುರ್ಚಿಯ ಕೆಳಗೆ ಸೇರಿತು.

ಸಿಂಧನೂರಿನ ಆ ಬಾಡಿಗೆ ಮನೆಯ ಗೋಡೆಯೇ ಅಂಥದ್ದು. ಮಾಲೀಕ ಮಹಾಶಯ ದೊಡ್ಡ ಪಡಸಾಲೆಯ ನಡುವೆ ತೆಳ್ಳನೆಯ ಪ್ಲೈವುಡ್ ನಿಲ್ಲಿಸಿ, ಬಣ್ಣ ಬಳಿದು, ಇದ್ದೊಂದು ಮನೆಯನ್ನು ಎರಡು ಮಾಡಿದ್ದ. ಆಚೆ ಬದಿಯ ಮುದುಕಿ ರಮಜಾನಬಿ ಒಗ್ಗರಣೆ ಹಾಕಿದರೆ ಈಚೆ ಬದಿಯವರು ಸೀನಬೇಕು.

ಜ್ಯೋತಿ ಸಂತೆಕಲ್ಲೂರಿನ ಕುರಿ ಕಾಯುವವರ ಮಗಳು, ಜವಳಗೇರಾದ ಶಾಲೆಯಲ್ಲಿ ಟೀಚರ್. ಗಂಡ ಚನ್ನು ಲಿಂಗಸುಗೂರಿನ ಲಿಂಗಾಯತ ವ್ಯಾಪಾರಸ್ಥರ ಮನೆಯವನು, ಇಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ. ಮೆಚ್ಚಿ ಮದುವೆಯಾದವರು. ಅವನ ತಾಯಿ ಕಸ್ತೂರೆಮ್ಮ ಇನ್ನು ಮಗನ ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದಳಂತೆ. "ನಿನ್ನ ಸಲುವಾಗಿ ಹಡೆದವ್ವನ್ನ ಬಿಟ್ಟು ಬಂದೀನಿ" ಎಂದು ಚನ್ನು ಆಗಾಗ ಅನ್ನುತ್ತಿದ್ದ. ಆ ಮಾತಿನ ಭಾರಕ್ಕೆ ಜ್ಯೋತಿ ಅವನೆದುರು ದನಿ ಎತ್ತಿದವಳೇ ಅಲ್ಲ. ಈ ಮನೆಗೆ ಬಂದ ದಿನ ಮಾವನ ಫೋಟೋವನ್ನು ಮೊಳೆಗೆ ತೂಗುಹಾಕದೆ, ಫ್ರೇಮಿನ ಎರಡೂ ಕಿವಿಗೆ ಸ್ಕ್ರೂ ಬಿಗಿದು ಕೂಡಿಸಿದವನು ಅವನೇ. ಅವತ್ತು ಅವಳ ಕಣ್ಣು ತುಂಬಿ ಬಂದಿತ್ತು. ಜಾತಿ ಬಿಟ್ಟು ಕೈಹಿಡಿದವನು ತನ್ನಪ್ಪನನ್ನೂ ಬಿಟ್ಟುಕೊಡಲಿಲ್ಲವಲ್ಲ ಎಂದು.

ಸಡಿಲಾದ ತೂತು ತುಂಬುವುದು ದೊಡ್ಡ ವಿದ್ಯೆಯೇನಲ್ಲ. ಬೆಂಕಿಕಡ್ಡಿಗಳ ತಲೆ ಮುರಿದು, ಫೆವಿಕಾಲ್ ಹಚ್ಚಿ, ಒತ್ತಿ ತುರುಕಬೇಕು. ಒಣಗಿದ ಮೇಲೆ ಹೊರಗೆ ಉಳಿದದ್ದನ್ನು ಬ್ಲೇಡಿನಿಂದ ಕೊಯ್ದು ಸ್ಕ್ರೂ ತಿರುವಿದರಾಯಿತು. ಶಾಲೆಯ ಕಪಾಟಿನ ಬಾಗಿಲಿಗೆ ಹೀಗೇ ಮಾಡಿದ್ದಳು. ಕುರ್ಚಿ ಹತ್ತಿ ಇನ್ನೊಂದು ಸ್ಕ್ರೂವನ್ನೂ ಬಿಚ್ಚಿ ಫೋಟೋ ಇಳಿಸಿ, ತೂತಿನೊಳಗೆ ಇಣುಕಿದಳು. ಒಳಗೆ ಆಗಲೇ ಕಡ್ಡಿಗಳಿದ್ದವು. ಮುರಿದು ಪುಡಿಯಾದ ಕಡ್ಡಿ, ಒಣಗಿದ ಗೋಂದು. ಪಕ್ಕದ ತೂತಿನಲ್ಲೂ ಅದೇ. ಸ್ಕ್ರೂಗಳ ತಲೆಯ ಗೀರು ಸವೆದು ಹೊಳೆಯುತ್ತಿತ್ತು. ಸುಮ್ಮನೆ ಗೋಡೆಯಲ್ಲಿ ಕೂತ ಸ್ಕ್ರೂ ಹಾಗೆ ಸವೆಯುವುದಿಲ್ಲ. ಯಾರೋ ಇದನ್ನು ಮೇಲಿಂದ ಮೇಲೆ ಬಿಚ್ಚಿದ್ದಾರೆ, ಮತ್ತೆ ಹಾಕಿದ್ದಾರೆ.

ಅಷ್ಟರಲ್ಲಿ ಗೋಡೆಯಾಚೆಯಿಂದ ರಮಜಾನಬಿ ಕೂಗಿದಳು: "ಜ್ಯೋತಿ, ಇವತ್ತ ಐತವಾರನೂ ನಿಮ್ಮತ್ತಿ ಬರಾಕತ್ತಾರೇನ ಬೇಟಿ? ಫೋಟೋ ಬಿಚ್ಚೋ ಸಪ್ಪಳ ಕೇಳಸ್ತು."

"ನಮ್ಮತ್ತಿ? ಯಾವತ್ತ ಬಂದಾರ ಚಾಚಿ?"

"ನೀ ಸಾಲಿಗೆ ಹೋದಮ್ಯಾಲ ಬರ್ತಾರಲ್ಲ! ಅವರು ಬರೋಕಿಂತ ಮೊದ್ಲ ಚನ್ನು ಕಿರ್ರ್ ಅಂತ ಬಿಚ್ಚತಾನ, ಹೋದಮ್ಯಾಲ ಹಾಕ್ತಾನ. ನಾ ಮೊಸರಿಗೆ ಬಂದಾಗ ನೋಡೀನಿ. ನಿನಗ ಗೊತ್ತೈತಂತ ತಿಳಿದಿದ್ದೆ..." ಮುದುಕಿಯ ದನಿ ಅಲ್ಲಿಗೇ ಕುಗ್ಗಿತು.

ಜ್ಯೋತಿ ಕುರ್ಚಿಯಿಂದ ಇಳಿದಳು. ತಾಯಿಯನ್ನು ಮಗನಿಂದ ಅಗಲಿಸಿದ ಪಾಪ ತನ್ನದು ಎಂದು ಎಷ್ಟು ಹಬ್ಬಗಳಲ್ಲಿ ಒಬ್ಬಳೇ ಅತ್ತಿದ್ದಳು! ಆ ತಾಯಿ ಇಲ್ಲೇ ಕೂತು ಮಗನ ಕೈಯ ಚಹಾ ಕುಡಿದು ಹೋಗುತ್ತಿದ್ದಳು. ಇವನು ಅದನ್ನು ಮುಚ್ಚಿಟ್ಟುಕೊಂಡು, ಸಂಜೆ ಜ್ಯೋತಿಯೆದುರು ತಬ್ಬಲಿಯ ಮುಖ ಹೊತ್ತು ಕೂರುತ್ತಿದ್ದ.

ಅಂಗಡಿಯಿಂದ ಬಂದ ಚನ್ನು ಖಾಲಿ ಗೋಡೆ ನೋಡಿದ. "ಪ್ಲೈವುಡ್ ತೆಳ್ಳಗೈತಿ, ಭಾರ ತಡೀವಲ್ದು" ಎಂದ.

"ನಿಮ್ಮವ್ವ ಬರ್ತಾರಂತಲ್ಲ?"

ಅವನ ಕೈಯಲ್ಲಿದ್ದ ಚೀಲ ಕೆಳಗೆ ಬಂತು. "ನಿನಗ ನೋವಾಗಬಾರದಂತ ಹೇಳಲಿಲ್ಲ. ಸೊಸಿ ಕಡೆಯವರ ಮಾರಿ ಈ ಮನ್ಯಾಗ ಕಾಣಂಗಿಲ್ಲ ಅಂದ್ರ ಅಷ್ಟ ಬರ್ತೀನಿ ಅಂದ್ಲು. ಹೂಂ ಅಂದೆ. ಫೋಟೋ ಅಷ್ಟ ಅಲ್ಲೇನು ಜ್ಯೋತಿ? ಅಕಿ ಹೋದ ಕೂಡ್ಲೆ ಹಾಕ್ತಿದ್ದೆ."

ಫೋಟೋ ಅಷ್ಟೇ. ಆ ಮಾತು ಕೇಳಿದ್ದೇ ಅವಳ ಎದೆಯಲ್ಲಿ ಬೇರೊಂದು ಭಯ ಹೊಕ್ಕಿತು: ಇವನು ಮರೆಮಾಡಿದ್ದು ಫೋಟೋ ಒಂದನ್ನೇ ಏನು? ಎಷ್ಟು ಕರೆದರೂ ಅಪ್ಪ ಈ ಮನೆಗೆ ಬಂದಿರಲಿಲ್ಲ. ಕುರಿ ಬಿಟ್ಟು ಹೆಂಗ ಬರ್ಲಿ ಎನ್ನುತ್ತಿದ್ದ. ಅಲ್ಲಿಯೇ ನಿಂತು ಫೋನು ಹಚ್ಚಿ, ಚನ್ನುವಿಗೂ ಕೇಳಲೆಂದು ಸ್ಪೀಕರ್ ಹಾಕಿದಳು. ಆ ಕಡೆ ಕುರಿಗಳ ಸದ್ದು.

"ಅಪ್ಪಾ, ನೀ ಯಾವಾಗರ ನಮ್ಮನಿಗೆ ಬಂದಿದ್ದೇನು?"

ಹೊನ್ನೂರಪ್ಪ ಕುರಿಗಳನ್ನು ಒಮ್ಮೆ ಗದರಿಸಿದ. "ಬಂದಿದ್ದೆ ಯವ್ವಾ. ಎಮ್ಮಿ ಈದಿತ್ತು, ನಿನಗ ಗಿಣ್ಣ ತಂದಿದ್ದೆ. ಬೀಗತಿ ಕುಂತಿದ್ರು. ಇವರ್ಯಾರಪಾ ಅಂತ ಕೇಳಿದ್ರು. ಅಳ್ಯಾರಿಗೆ ಬಾಯಿ ಬರಲಿಲ್ಲ. ನಾನ ಅಂದೆ, ಕುರಿಗೊಬ್ಬರದ ಮಾತಾಡಾಕ ಬಂದೀನ್ರೀ ಅಂತ. ಹೊರಗ ಕಟ್ಟಿಮ್ಯಾಲ ಚಾ ಕೊಟ್ರು, ಕುಡದು ಬಂದೆ."

"ಗಿಣ್ಣ ಏನ್ಮಾಡಿದಿ?"

"ಬಸ್‌ಸ್ಟ್ಯಾಂಡಿನ್ಯಾಗ ಯಾರೋ ಕೂಸುಗೊಳಿಗೆ ಕೊಟ್ಟೆ."

"ನನಗ್ಯಾಕ ಹೇಳಲಿಲ್ಲಪ್ಪಾ?"

"ನಿನ್ನ ಸಂಸಾರ ಚಂದಿತ್ತಲ್ಲ ಯವ್ವಾ."

ಜ್ಯೋತಿಗೆ ಅಳು ಬರಲಿಲ್ಲ, ಬಂದದ್ದು ಸಿಟ್ಟು. ಗಂಡನ ಕಡೆ ತಿರುಗಿದಳು. "ನಾಳೆ ನಮ್ಮಪ್ಪನ್ನ ಕರಸ್ತೀನಿ. ನೀವು ನಿಮ್ಮವ್ವನ್ನ ಕರಸ್ರಿ. ಇವರು ನನ್ನ ಮಾವ ಅಂತ ನಿಮ್ಮ ಬಾಯಿಲೆ ಹೇಳ್ರಿ. ಮತ್ತೇನೂ ಕೇಳಂಗಿಲ್ಲ ನಾ."

ಚನ್ನು ಚೀಲವನ್ನು ಮೂಲೆಗಿಟ್ಟ. ಆಮೇಲೆ ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದ: "ಫೋಟೋ ಬೇಕಂದ್ರ ಇದಕ್ಕಿಂತ ದೊಡ್ಡದು ಮಾಡಿಸೋಣ, ಜ್ಯೋತಿ. ಇನ್ನ ಬಿಚ್ಚಂಗಿಲ್ಲ, ನಿನ್ನಾಣಿ. ಕರಸೂದು ಮಾತ್ರ ಬ್ಯಾಡ."

ಫೋನು ಇನ್ನೂ ಕಟ್ ಆಗಿರಲಿಲ್ಲ. "ಅಳ್ಯಾರು ಹೇಳೂದು ಬರೋಬ್ಬರಿ ಐತಿ ಯವ್ವಾ," ಎಂದ ಹೊನ್ನೂರಪ್ಪ, "ನಾ ಬರಂಗಿಲ್ಲ ಬಿಡು."

"ನೀ ಬರಬ್ಯಾಡಪ್ಪಾ," ಎಂದಳು ಜ್ಯೋತಿ. "ಮಸ್ಕಿ ಬಸ್ ಹಿಡದು ನಾನ ಊರಿಗೆ ಬರಾಕತ್ತೀನಿ. ನಿನ್ನ ಬೀಗತಿ ಕೇಳಿದ್ರ ನಿನ್ನ ಅಳ್ಯಾರು ಹೇಳತಾರ ಬಿಡು, ಗೊಬ್ಬರದಾಂವನ ಮಗಳು ಹೋಗ್ಯಾಳ ಅಂತ."