ಮಗ್ಗ ನಿಂತ ಮೇಲೂ ಕೇಳಿದ ದನಿ

ಮನೆಯ ಪಕ್ಕದಲ್ಲೇ ಮಗ್ಗದ ಶೆಡ್ಡು ಇದ್ದರೆ ಮಾತೆಲ್ಲ ಕೂಗಿಯೇ ಆಡಬೇಕು. ಮಗ್ಗಗಳ ಊರಾದ ಕಬನೂರಿನಲ್ಲಿ ಇದು ಯಾರಿಗೂ ಹೊಸದಲ್ಲ. ಅದಕ್ಕೇ ಧನಪಾಲನ ಜೋರು ದನಿಯನ್ನು ಓಣಿಯವರು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಯಾರಾದರೂ ಕೇಳಿದರೆ ಹೆಂಡತಿ ಅಲಕಾ, ಅದು ಮಗ್ಗದವರ ದನಿ ಎಂದು ನಕ್ಕು ಬಿಡುತ್ತಿದ್ದಳು.

ಅವರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಅದು ಜೈನರಾದ ಅವರಿಗೆ ಹಿರಿಯರಿಂದ ಬಂದ ವ್ರತ. ಒಂದು ಸಂಜೆ ಅಡುಗೆ ತಡವಾಯಿತು. ಧನಪಾಲ ಬಾಯಿಗೆ ಬಂದಂತೆ ಬೈದು ತಾಟು ಎತ್ತಿ ಒಗೆದ. ಅದು ಮಗಳು ಪ್ರಿಯದರ್ಶನಿಯ ಕಿವಿಯ ಪಕ್ಕದಿಂದಲೇ ಹಾದು ಗೋಡೆಗೆ ಬಡಿಯಿತು. ಅನ್ನ ಮುಟ್ಟದೆ ವ್ರತವೇನೋ ಉಳಿಯಿತು. ಆದರೆ ಅಂದು ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಬೈದ ಒಂದೊಂದು ಮಾತೂ ಎಲ್ಲರಿಗೂ ಕೇಳಿತು.

ಮರುದಿನ ಹುಡುಗಿ ಗಡಹಿಂಗ್ಲಜದ ಅಜ್ಜಿಯ ಮನೆಗೆ ಹೋದಳು. ಅಲ್ಲಿಯ ಶಾಲೆಗೇ ಹೋಗುತ್ತೇನೆ, ಈ ಮನೆಗೆ ಮತ್ತೆ ಬರುವುದಿಲ್ಲ ಎಂದಳು.

ಎದುರು ಮನೆಯ ನಾಗೂಬಾಯಿ ಆಶಾ ಕಾರ್ಯಕರ್ತೆ. ಅವಳು ಅದೇ ದಿನ ಬಂದು ಅಲಕಾಳ ಹತ್ತಿರ ಕುಳಿತಳು. ಅಲಕಾ ತಾನಾಗಿಯೇ ಮಾತು ತೆಗೆದಳು.

"ಅವರು ಮನಸಿನಿಂದ ಭಾಳ ಚಲೋರಿ. ಮಗ್ಗದ ಗದ್ದಲದಾಗ ಇದ್ದು ಇದ್ದು ದನಿ ಏರೇತಿ, ಅಷ್ಟ."

"ನಿನ್ನೆ ಮಗ್ಗ ಬಂದ್ ಇದ್ದೂರಿ ವೈನಿ."

ಅಲಕಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ವರ್ಷವರ್ಷ ಕ್ಷಮಾವಾಣಿಯ ದಿನ ಅವರು ಕೈ ಮುಗಿಯುತ್ತಾರೆ, ನಾವು ಕ್ಷಮಿಸುತ್ತೇವೆ, ನಮ್ಮ ಧರ್ಮ ಅದನ್ನೇ ಹೇಳುತ್ತದೆ ಎಂದಳು.

"ಕ್ಷಮಾ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದರ ಕಾಲಾಗ ಮುಳ್ಳ ಮುರದೈತಿ. ಮುಳ್ಳಿಗೆ ಕ್ಷಮಾ ಮಾಡಿದರ ಅದು ಹೊರಗ ಬರ್ತೈತೇನ್ರಿ?"

ಸಿಟ್ಟು ಏರಿದಾಗ ಎದುರು ವಾದ ಬೇಡ, ಮಗಳು ಬಂದಿದ್ದರೆ ಅವಳನ್ನೂ ಕರೆದುಕೊಂಡು ನೇರ ನಮ್ಮ ಮನೆಗೆ ಬನ್ನಿ, ಕೈ ಎತ್ತಿದರೆ ೧೧೨ಕ್ಕೆ ಫೋನ್ ಮಾಡಿ ಎಂದು ನಾಗೂಬಾಯಿ ತಿಳಿಸಿ ಹೇಳಿದಳು. ಇಂಥ ಸಿಟ್ಟಿಗೂ ಡಾಕ್ಟರು ಇದ್ದಾರೆ ಎಂದಳು.

ಅಷ್ಟರಲ್ಲಿ ಧನಪಾಲ ಶೆಡ್ಡಿನಿಂದ ಬಂದ. "ನನಗೇನ ಹುಚ್ಚ ಹಿಡದೈತೇನ, ದವಾಖಾನಿಗೆ ಹೋಗಾಕ?"

"ಮಗ್ಗದಾಗ ಮ್ಯಾಲಿಂದ ಮ್ಯಾಲ ಎಳಿ ಹರದರ ಮಿಸ್ತ್ರಿ ಜಾಬರ್‌ನ ಕರದು ರಿಪೇರಿ ಮಾಡಸ್ತೀರಿ. ಮಗ್ಗಕ್ಕ ಹುಚ್ಚ ಹಿಡದೈತಿ ಅಂತೀರೇನ, ಧನಪಾಲಣ್ಣಾ?"

ಧನಪಾಲ ಮಗಳಿಗೆ ಫೋನ್ ಹಚ್ಚಿದ. ಎತ್ತಿದವಳು ಅಜ್ಜಿ. ಹಿಂದಿನಿಂದ ಮಗಳ ದನಿ ಸಣ್ಣಗೆ ಕೇಳಿಸಿತು: "ಪಪ್ಪಾ ಸಿಟ್ಟಿನಾಗ ಅದಾರೇನು, ಮೊದಲ ಕೇಳ ಆಯಿ."

ಅವನು ಫೋನ್ ಕೆಳಗಿಟ್ಟ. ನಾಗೂಬಾಯಿಯ ಕಡೆ ತಿರುಗಿ, "ಯಾವ ದವಾಖಾನಿ?" ಎಂದು ಕೇಳಿದ.

ಕೊಲ್ಹಾಪುರದ ಸರಕಾರಿ ಆಸ್ಪತ್ರೆಗೆ ಗಂಡ ಹೆಂಡತಿ ಕೂಡಿಯೇ ಹೋದರು. ಡಾಕ್ಟರು ನಿದ್ದೆ ಹೇಗಿದೆ, ಚಿಂತೆ ಏನಿದೆ ಎಂದು ಸಮಾಧಾನದಿಂದ ಕೇಳಿದರು. ಕಿವಿ ಬಿಸಿಯಾದಾಗಲೇ ಮಾತು ನಿಲ್ಲಿಸಿ ಹೊರಗೆ ಹೋಗುವುದನ್ನು, ಉಸಿರನ್ನು ನಿಧಾನ ಬಿಡುವುದನ್ನು, ತಣ್ಣಗಾದ ಮೇಲೆ ಬಂದು ಮಾತಾಡುವುದನ್ನು ಕಲಿಸಿದರು. ಒಮ್ಮೆಲೇ ಎಲ್ಲ ಸರಿಹೋಗಲಿಲ್ಲ. ನಡುವೆ ಒಮ್ಮೆ ಧನಪಾಲ ಮತ್ತೆ ಚೀರಿದ. ಆದರೆ ಅರ್ಧ ಮಾತಿಗೇ ನಿಂತು, ಚಪ್ಪಲಿ ಸಹ ಮೆಟ್ಟದೆ ಅಂಗಳಕ್ಕೆ ಹೋದ. ಅಲಕಾ ಒಳಗಿನಿಂದಲೇ ಭಗವಂತರಿಗೆ ಕೈ ಮುಗಿದಳು.

ಆ ವರ್ಷದ ಕ್ಷಮಾವಾಣಿಗೆ ಪ್ರಿಯದರ್ಶನಿ ಅಜ್ಜಿಯ ಜೊತೆ ಬಂದಳು, ಬಾಗಿಲಲ್ಲೇ ನಿಂತಳು. ಧನಪಾಲ ಕ್ಷಮಿಸಿ ಎಂಬ ಪ್ರತಿ ವರ್ಷದ ಮಾತನ್ನಷ್ಟೇ ಹೇಳಲಿಲ್ಲ, ಮಗಳ ಎದುರು ಬಂದು ನಿಂತ.

"ಅವತ್ತ ನಾ ತಾಟ ಒಗದೆ. ನಿನಗ ಅಂಜಿಕಿ ಹಾಕಿದೆ. ತಪ್ಪು ನಂದ ಅವ್ವಾ."

ಹುಡುಗಿ ಅವನ ಮುಖವನ್ನೇ ನೋಡಿದಳು. "ಮತ್ತ ದವಾಖಾನಿಗೆ ಯಾವಾಗ ಹೋಗೂದು?"

"ಬರೂ ವಾರ."

"ನಾನೂ ಬರ್ತೇನಿ," ಎಂದು ಚೀಲವನ್ನು ಒಳಗೆ ತಂದಿಟ್ಟಳು.

ಇಂದಿಗೂ ಧನಪಾಲ ಬಸದಿಯಿಂದ ಬರುವಾಗ ನಾಗೂಬಾಯಿಯ ಬಾಗಿಲ ಮುಂದೆ ಒಂದು ಗಳಿಗೆ ನಿಂತು ಕೈ ಮುಗಿದೇ ಮುಂದೆ ಹೋಗುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾವುದೋ ಗದ್ದಲದ ಹಿಂದೆ ಇಂಥ ದನಿ ಅಡಗಿರಬಹುದು. ಅದನ್ನು ಮುಚ್ಚಿಡಬೇಡಿ. ಮನಸ್ಸಿನ ತೊಂದರೆಗೆ ೧೪೪೧೬ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಸರಿ, ದುಡ್ಡು ಬೀಳುವುದಿಲ್ಲ. ನಿಮ್ಮ ಊರಿನ ಆಶಾತಾಯಿಯನ್ನು ಕೇಳಿ. ಸಿಟ್ಟು ನಿಮ್ಮದೇ ಆಗಿದ್ದರೆ, ಮೊದಲ ಹೆಜ್ಜೆಯನ್ನು ನೀವೇ ಇಡಿ. ನಿಮ್ಮ ದನಿ ಕೇಳಿದರೆ ಮಕ್ಕಳು ಓಡಿ ಬರುವಂತಾಗಲಿ.