ಕೆಂಚಿಯ ಬಾಂಡ್

ಶಾಲೆಯ ಅಡುಗೆ ಕೋಣೆಯ ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದೆ. ಪಕ್ಕದಲ್ಲಿ ಅಡುಗೆಯ ಭಾಗ್ಯಮ್ಮ ಸೊಪ್ಪು ಬಿಡಿಸುತ್ತಿದ್ದರು. ಬಿದ್ದ ನುಚ್ಚು ಹೆಕ್ಕುತ್ತ ನನ್ನ ಕೆಂಪು ಕೋಳಿ ಕೆಂಚಿ ಕಾಲ ಬಳಿ ಓಡಾಡುತ್ತಿತ್ತು. ಮರಿಯಿಂದ ಸಾಕಿದ್ದು, ನಾನು ಹೋದಲ್ಲೆಲ್ಲ ಬರುತ್ತಿತ್ತು.

ಎದುರಿಗೇ ಒಂಬತ್ತನೇ ಕ್ಲಾಸು. ನಾನು ಎಂಟಕ್ಕೇ ಬಿಟ್ಟವಳು, ಆ ಹೊಸಿಲು ದಾಟಿದ್ದೇ ಇಲ್ಲ. ಕಿಟಕಿಯಿಂದ ಪಾಠ ಮಾತ್ರ ಕೇಳುತ್ತಿತ್ತು. ಅವತ್ತು ಮನೋಹರ್ ಮೇಷ್ಟ್ರು ಬಾಂಡ್ ಬಗ್ಗೆ ಹೇಳುತ್ತಿದ್ದರು. ಸರ್ಕಾರವೋ ಕಂಪನಿಯೋ ಜನರಿಂದ ಸಾಲ ಎತ್ತಿ ಬರೆದುಕೊಡುವ ಪತ್ರ, ಗೊತ್ತಾದ ಬಡ್ಡಿ, ಗೊತ್ತಾದ ದಿನಕ್ಕೆ ಅಸಲು ವಾಪಸ್. ಮಕ್ಕಳು ಆಕಳಿಸಿದರು. ಮೇಷ್ಟ್ರ ಕಣ್ಣು ಕೆಂಚಿಯ ಮೇಲೆ ಬಿತ್ತು.

"ಸಿಂಧು, ನಿನ್ ಕೋಳೀನ ಈ ಕ್ಲಾಸಿಗೆ ಸಾಲ ಕೊಡಮ್ಮ. ವಾರಕ್ಕೆರಡು ಮೊಟ್ಟೆ ಬಡ್ಡಿ. ದೀಪಾವಳಿ ಹಿಂದಿನ ದಿನ ಕೋಳಿ ವಾಪಸ್."

ಬೇಡ ಅನ್ನಬೇಕೆಂದುಕೊಂಡೆ. ತಲೆ ಮಾತ್ರ ಹೂಂ ಎಂದು ಆಡಿತು. ಮಕ್ಕಳೆಲ್ಲ ಸಹಿ ಹಾಕಿದ ಪತ್ರ ನನ್ನ ಕೈಗೆ, ಕೆಂಚಿ ಅವರ ಕೈಗೆ. ರಾತ್ರಿ ಮನೆಯಲ್ಲಿ ಕೆಂಚಿ ಮಲಗುತ್ತಿದ್ದ ಮಂಕರಿ ಖಾಲಿ ಕಂಡಾಗ ದೀಪಾವಳಿ ಬೇಗ ಬರಲಿ ಅನ್ನಿಸಿತು.

ಪ್ರತಿ ಶನಿವಾರ ಮೋನಿಷಾ ಎಂಬ ಹುಡುಗಿ ಓಡಿಬಂದು ಎರಡು ಮೊಟ್ಟೆ ಕೊಡುತ್ತಿದ್ದಳು. ಗಣೇಶನ ಹಬ್ಬದ ಮೇಲೆ ಕೆಂಚಿ ಕಾವಿಗೆ ಕೂತು ಮೊಟ್ಟೆ ನಿಲ್ಲಿಸಿತು.

"ಕೋಳಿ ಇಟ್ರೇನು ಬಿಟ್ರೇನು, ಬಡ್ಡಿ ಕೊಡ್ಲೇಬೇಕು," ಅಂದರು ಮೇಷ್ಟ್ರು. ಮಕ್ಕಳು ತಂತಮ್ಮ ಮನೆಯಿಂದ ತಂದುಕೊಟ್ಟರು.

ಆಮೇಲೆ ಮರಿಗಳಾದವು. ಇಡೀ ಶಾಲೆಗೆ ಹಬ್ಬ.

"ಪಾಲಿಗೆ ಕೊಟ್ಟಿದ್ರೆ ಅರ್ಧ ಮರಿ ನಿಂದಾಗ್ತಿತ್ತು ಕಣೇ, ಮಂಕೇ!" ಭಾಗ್ಯಮ್ಮ ನನ್ನ ತಲೆಗೆ ಮೊಟಕಿ, "ಏನ್ ಸಾರ್, ನಮ್ಮ ಹುಡುಗೀಗೆ ಮರಿ ಇಲ್ವಾ?" ಎಂದು ಕಿಟಕಿಗೇ ಕೂಗಿದರು.

"ಪತ್ರದಲ್ಲಿ ಮರಿ ಇಲ್ಲ ಭಾಗ್ಯಮ್ಮ!" ಕ್ಲಾಸಿನ ಬಾಯಾಳಿ ಅಂಜನ್ ಎದ್ದುನಿಂತ. "ಮರಿ ಎಲ್ಲಾ ನಮ್ದೇ!"

"ನಿಜ," ಅಂದರು ಮೇಷ್ಟ್ರು. "ಮರೀನ ಹದ್ದು ಎತ್ಕೊಂಡೋಗಿದ್ರೆ ಅವಳಿಗೆ ನಷ್ಟ ಇರ್ತಿರ್ಲಿಲ್ಲ. ಹಂಗೇ ಲಾಭಾನೂ ಇಲ್ಲ. ಬಾಂಡಿಗೂ ಪಾಲಿಗೂ ಇರೋ ವ್ಯತ್ಯಾಸ ಅದೇ."

"ಕೆಂಚೀನೇ ಮುಂಗುಸಿ ತಿಂದ್ಬಿಟ್ರೆ ಸಾರ್?" ಮೋನಿಷಾ ಕೇಳಿದಳು.

"ಅದ್ಕೇ ಕಣಮ್ಮ, ಎಂಥೋರಿಗೆ ಸಾಲ ಕೊಡ್ತೀವಿ ಅಂತ ಮೊದ್ಲೇ ನೋಡ್ಬೇಕು."

ಎಲ್ಲರೂ ಅಂಜನ್ ಕಡೆ ತಿರುಗಿ ನಕ್ಕರು. "ಲೇ, ನನ್ನನ್ಯಾಕ್ರೋ ನೋಡ್ತೀರಾ?" ಅಂದ ಅವನು.

ದೀಪಾವಳಿಯ ಹಿಂದಿನ ದಿನ ಬಂತು. ಕೆಂಚಿಯ ನೆತ್ತಿಗೆ ಕುಂಕುಮವಿಟ್ಟು ಮೋನಿಷಾ ಹೊಸಿಲ ಹತ್ತಿರ ತಂದಳು. ನಾನು ಈಚೆಯಿಂದ ಕೈ ಚಾಚಿದೆ. ಅಷ್ಟರಲ್ಲಿ ಮರಿಗಳು ಚಿಂವ್‌ಗುಟ್ಟಿದವು. ಕೆಂಚಿ ರೆಕ್ಕೆ ಬಡಿದು, ಮೋನಿಷಾಳ ಕೈ ಕುಕ್ಕಿ, ಹಾರಿ ಬೆಂಚಿನ ಕೆಳಗೆ ನುಗ್ಗಿತು.

"ಹಿಡೀರೋ! ಸಾಲ ತೀರ್ಸದೇ ಇದ್ರೆ ಮಾನ ಹೋಗುತ್ತೆ!" ಅಂಜನ್ ಕೂಗಿದ. ಕ್ಲಾಸಿಗೆ ಕ್ಲಾಸೇ ಬೆಂಚಿನಡಿ ತೂರಿತು. ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಮೇಷ್ಟ್ರೂ ಮಂಡಿಯೂರಿ ಮೇಜಿನ ಕೆಳಗೆ ಇಣುಕುತ್ತಿದ್ದರು, ಅಂಗಿಗೆಲ್ಲ ಸೀಮೆಸುಣ್ಣ.

ನನಗೂ ನಗು ತಡೆಯಲಿಲ್ಲ. ಸೆರಗಿನ ಗಂಟಿನಿಂದ ಪತ್ರ ತೆಗೆದೆ. ಹೊಸಿಲು ದಾಟಿ ಒಳಗೆ ಹೋಗಿ, ಕಪ್ಪು ಹಲಗೆಯ ಮುಂದೆ ನಿಂತು, ಪತ್ರ ಮೇಲೆತ್ತಿ ಹಿಡಿದು ಗಟ್ಟಿಯಾಗಿ ಹೇಳಿದೆ:

"ನನ್ ಕೋಳಿ ನಂಗೆ ಕೊಡಿ."