ಡೇರೆ ಹೂವಿನ ಭೂತಗನ್ನಡಿ

ನಾನು ಒಂದು ಭೂತಗನ್ನಡಿ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಅಂಬಾಲದ ಒಂದು ಇಕ್ಕಟ್ಟಾದ ಕಾರ್ಖಾನೆಯಲ್ಲಿ ಒಬ್ಬ ಮುದುಕ ನನ್ನನ್ನು ಕೆಂಪು ಪುಡಿ ಹಾಕಿ ಉಜ್ಜಿ, ದೀಪಕ್ಕೆ ಹಿಡಿದು ನೋಡಿ, ಮತ್ತೆ ಉಜ್ಜಿದ. ಆಮೇಲೆ ಹಿತ್ತಾಳೆಯ ಮಡಚುವ ಕವಚದಲ್ಲಿ ಕೂರಿಸಿದ. ನನ್ನ ಮೂಲಕ ನೋಡಿದರೆ ಯಾವುದೇ ವಸ್ತು ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಹುಟ್ಟಿನಿಂದಲೇ ನನಗೆ ಸ್ವಲ್ಪ ಜಂಬ ಇತ್ತು ಎಂದರೆ ತಪ್ಪಾಗಲಾರದು.

ಮೈಸೂರಿನ ಅಂಗಡಿಯೊಂದರಲ್ಲಿ ನನ್ನನ್ನು ಕೊಂಡವರು ಸುಲೋಚನಾ. ಆಗ ಅವರು ತೋಟಗಾರಿಕೆ ಕಾಲೇಜಿನಲ್ಲಿ ಗಿಡಗಳ ರೋಗದ ಬಗ್ಗೆ ಓದುತ್ತಿದ್ದರು. ಮುಂದೆ ಅಲ್ಲೇ ಮೇಡಂ ಆದರು. ಕಪ್ಪು ದಾರದಲ್ಲಿ ಅವರ ಕೊರಳಿಗೆ ಬಿದ್ದ ನಾನು ಇಪ್ಪತ್ತಾರು ವರ್ಷ ಅಲ್ಲೇ ಇದ್ದೆ. ಸೇವಂತಿಗೆಯ ಚಿಗುರಿನ ಹೇನು, ಗುಲಾಬಿ ಎಲೆಯ ಹಿಂದಿನ ಕೆಂಪು ನುಸಿ, ಎಲ್ಲವನ್ನೂ ಮೊದಲು ಕಂಡದ್ದು ನಾನು. ವಿದ್ಯಾರ್ಥಿಗಳು ಸುತ್ತ ನಿಂತು, "ಮೇಡಂ, ನಂಗೊಂದ್ಸಲ ಕೊಡಿ" ಎಂದು ಕೈ ಚಾಚುತ್ತಿದ್ದರು. ಆ ಕೈಗಳನ್ನು ನೆನೆದರೆ ಈಗಲೂ ಸುಖ.

ಆಮೇಲೆ ನಸೀಮಾ ಬಂದಳು.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ. ಮೆಲುಮಾತು. ಅವಳ ಚೀಲದಲ್ಲಿ ಒಂದು ಡಬ್ಬಿ, ಡಬ್ಬಿಯ ತುಂಬ ಬೆರಳಗಲದ ಬಿಳಿ ಪಟ್ಟಿಗಳು. ಎಲೆಯ ಚೂರನ್ನು ಪುಟ್ಟ ಚೀಲದ ದ್ರಾವಣದಲ್ಲಿ ಅರೆದು ಪಟ್ಟಿಯನ್ನು ಅದ್ದಿದರೆ, ಸ್ವಲ್ಪ ಹೊತ್ತಿಗೆ ಗೆರೆ ಮೂಡುತ್ತದೆ. ಒಂದೇ ಗೆರೆ ಬಂದರೆ ಆ ಪಟ್ಟಿ ಹುಡುಕುವ ನಂಜು, ಅಂದರೆ ವೈರಸ್, ಸಿಕ್ಕಿಲ್ಲ ಎಂದರ್ಥ, ಎರಡು ಬಂದರೆ ಸಿಕ್ಕಿದೆ ಎಂದರ್ಥ. ಹುಳು ಹೊತ್ತು ತರುವ ನಂಜಾಣು ನನ್ನ ಕಣ್ಣಿಗೆ ಯಾವತ್ತೂ ಬಿದ್ದಿಲ್ಲ. ನೂರು ಮಸೂರ ಪೇರಿಸಿದರೂ ಕಾಣದಷ್ಟು ಸಣ್ಣದು ಅದು. ಕಾಗದದ ತುಂಡಿನಂಥ ಒಂದು ಪಟ್ಟಿ ಅದನ್ನು ಹಿಡಿದು ತೋರಿಸುತ್ತಿತ್ತು.

ವಿದ್ಯಾರ್ಥಿಗಳು ನಸೀಮಾಳ ಮೇಜಿನ ಸುತ್ತ ಮುಗಿಬಿದ್ದರು. ನನ್ನ ಹೊಟ್ಟೆ ಉರಿಯಿತು. ನಾನು ತೂಗುತ್ತಿದ್ದ ಎದೆಯೊಳಗೂ ಅದೇ ಉರಿ ಇತ್ತು. ವಿದ್ಯಾರ್ಥಿಗಳು ನಕ್ಕಾಗೆಲ್ಲ ಸುಲೋಚನಾ ಮೇಡಂ ನನ್ನನ್ನು ಮುಷ್ಟಿಯಲ್ಲಿ ಬಿಗಿಹಿಡಿಯುತ್ತಿದ್ದರು.

ಆ ವರ್ಷ ದಸರೆಗೆ ಹನ್ನೆರಡು ದಿನ ಇರುವಾಗ ಊರಿನ ಒಂದು ಹಳೆಯ ಅತಿಥಿಗೃಹದಿಂದ ಕರೆ ಬಂತು. ಮೇಡಂ ಜೊತೆ ನಸೀಮಾಳೂ ಹೊರಟಳು. ಡೇಲಿಯಾ ಎಂದೂ ಕರೆಯುವ ಅಲ್ಲಿನ ಡೇರೆ ಹೂಗಳು ಪ್ರತಿ ವರ್ಷ ಫಲಪುಷ್ಪ ಪ್ರದರ್ಶನಕ್ಕೆ ಹೋಗುತ್ತಿದ್ದವು. ತೋಟ ನೋಡಿಕೊಳ್ಳುತ್ತಿದ್ದವರು ದೊಡ್ಡತಾಯಮ್ಮ. ಐವತ್ತು ದಾಟಿದ ಹೆಂಗಸು, ಉಗುರಿನ ಸಂದಿಯಲ್ಲಿ ಯಾವಾಗಲೂ ಮಣ್ಣು. ತಾನಾಗಿಯೇ ಹುಟ್ಟಿದ್ದ ಒಂದು ಸಸಿಯಿಂದ ಅವರು ಹದಿನಾಲ್ಕು ವರ್ಷ ಗೆಡ್ಡೆ ತೆಗೆದಿಟ್ಟು, ನೇರಳೆ ಹಣ್ಣಿನ ಬಣ್ಣದ, ಬಿಳಿ ಅಂಚಿನ ಒಂದು ಡೇರೆಯನ್ನು ಉಳಿಸಿಕೊಂಡು ಬಂದಿದ್ದರು. ಅಂಥ ಹೂ ಊರಲ್ಲಿ ಬೇರೆಲ್ಲೂ ಇರಲಿಲ್ಲ.

ಆ ಡೇರೆ ಬೆಳೆದ ಮಡಿಯಲ್ಲಿ ಗಿಡಗಳ ಎಲೆಗಳ ಮೇಲೆ ಹಳದಿ ಉಂಗುರಗಳು ಎದ್ದಿದ್ದವು. ಚಿಗುರು ಮುರುಟಿತ್ತು.

ಮೇಡಂ ನನ್ನನ್ನು ಎಲೆಗಳ ಹಿಂಬದಿಗೆ ಹಿಡಿದರು. ಹುಳು ಇರಲಿಲ್ಲ. ಆದರೆ ಒಂದು ಹೂವಿನ ಪಕ್ಕ ಹಾದುಹೋಗುವಾಗ, ನನ್ನ ಅಂಚಿನಲ್ಲಿ ಒಣಹುಲ್ಲಿನ ಬಣ್ಣದ, ಸೀಳಿದ ನೂಲಿನಂಥ ಏನೋ ಒಂದು ದಳದ ಬುಡಕ್ಕೆ ನುಸುಳಿತು. ಅದು ಥ್ರಿಪ್ಸ್ ನುಸಿ, ಇಂಥ ಉಂಗುರ ಎಬ್ಬಿಸುವ ನಂಜನ್ನು ಗಿಡದಿಂದ ಗಿಡಕ್ಕೆ ಒಯ್ಯುವ ಹುಳು. ಇನ್ನೊಂದು ಉಸಿರು ಹೊತ್ತು ನಿಲ್ಲಿಸಿದ್ದರೆ ಅವರಿಗೂ ಕಾಣುತ್ತಿತ್ತು. ಅವರು ಕೈ ಎಳೆದುಕೊಂಡರು.

"ಕಳೆನಾಶಕ ತಾಗಿದೆ. ಕಳೆಗೆ ಹೊಡೆದ ಪಂಪನ್ನ ತೊಳೀದೆ ಗಿಡಕ್ಕೂ ಹೊಡ್ದಿದ್ದಾರೆ" ಎಂದರು.

ದೊಡ್ಡತಾಯಮ್ಮ ಬೆಚ್ಚಿದರು. "ಅಯ್ಯೋ, ಇಲ್ಲ ಮೇಡಮ್ಮೋರೆ! ಕಳೆನ ನಾನು ಕೈಲೇ ಕೀಳದು. ಆ ಪಂಪ ಮುಟ್ಟೇ ಇಲ್ಲ."

"ಮೇಡಂ, ನಂಜೂ ಹೀಗೇ ಉಂಗುರ ಮಾಡುತ್ತೆ. ಒಂದು ಪಟ್ಟಿ ಹಾಕಿ ನೋಡೋಣ್ವಾ?" ನಸೀಮಾ ಮೆಲ್ಲಗೆ ಕೇಳಿದಳು.

"ಹುಳ ಎಲ್ಲಿದೆ, ತೋರ್ಸು. ಪಟ್ಟಿ ನೋಡಿ ರೋಗ ಹೇಳೋಕೆ ನಾನು ಇಷ್ಟು ವರ್ಷ ಕಣ್ಣು ಸವೆಸ್ಬೇಕಿತ್ತಾ?"

ನಸೀಮಾ ಡಬ್ಬಿಯನ್ನು ಚೀಲದೊಳಗೆ ಇಟ್ಟಳು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಹಬ್ಬದಂತಾಯಿತು.

ಅತಿಥಿಗೃಹದ ಮ್ಯಾನೇಜರ್ ಚಂಗಪ್ಪ ಕೋಪಿಷ್ಠರಲ್ಲ, ಆದರೆ ಆ ದಿನ ಅವರ ಮುಖ ಗಂಟಿಕ್ಕಿತು. "ದೊಡ್ಡತಾಯಮ್ಮ, ನಾಳೆಯಿಂದ ನೀವು ತೋಟಕ್ಕೆ ಇಳೀಬೇಡಿ. ಅಡುಗೆಮನೇಲಿ ಪಾತ್ರೆ ತೊಳೀರಿ" ಎಂದರು. ದೊಡ್ಡತಾಯಮ್ಮ ಸೆರಗಿನಿಂದ ಒಂದು ಎಲೆಯನ್ನು ಒರೆಸುತ್ತಾ ನಿಂತಿದ್ದರು, ಒರೆಸಿದರೆ ಆ ಉಂಗುರ ಹೋದೀತೇನೋ ಎಂಬಂತೆ. ನನ್ನ ಹಬ್ಬ ಅಲ್ಲಿಗೇ ಮುಗಿಯಿತು.

ಮೂರನೆಯ ದಿನ ದೊಡ್ಡತಾಯಮ್ಮ ಬಸ್ಸು ಹಿಡಿದು ಕಾಲೇಜಿಗೇ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಎಲೆಗಳು ಮತ್ತು ಒಂದು ಇಡೀ ನೇರಳೆ ಹೂವು. ಸುಲೋಚನಾ ಮೇಡಂ ಕಡೆ ನೋಡದೆ ನೇರ ನಸೀಮಾಳ ಮುಂದೆ ನಿಂತು, "ನಿನ್ ಚೀಟಿ ಹಾಕ್ ನೋಡವ್ವ" ಎಂದರು.

ನಸೀಮಾ ಒಮ್ಮೆ ಸುಲೋಚನಾ ಮೇಡಂ ಮುಖ ನೋಡಿದಳು. ಆಮೇಲೆ ಡಬ್ಬಿ ತೆರೆದಳು.

"ಅಮ್ಮ, ಮೊದ್ಲೇ ಹೇಳ್ತೀನಿ. ನಂಜು ಅಂತ ಬಂದ್ರೆ ಅದಕ್ಕೆ ಔಷಧಿ ಇಲ್ಲ. ಗೆಡ್ಡೆ ಸಮೇತ ಕಿತ್ತು ಸುಡ್ಬೇಕಾಗುತ್ತೆ. ಒಂದೂ ಇಟ್ಕೊಳ್ಳೋ ಹಾಗಿಲ್ಲ."

ದೊಡ್ಡತಾಯಮ್ಮ ಚೀಲವನ್ನು ಅವಳ ಮುಂದೆ ಸರಿಸಿದರು. "ಹದ್ನಾಕು ವರ್ಸ ಸಾಕಿವ್ನಿ ಕಣವ್ವ. ಹೋದ್ರೆ ಹೋಗ್ಲಿ. ನನ್ ಕೈಲೇ ನಾನು ವಿಸ ಹಾಕ್ದೆ ಅನ್ನೋ ಮಾತು ಮಾತ್ರ ಉಳೀಬಾರ್ದು."

ಪಟ್ಟಿ ಅದ್ದಿದರು. ಮೂವರೂ ಬಾಗಿದರು. ನಾನು ಮೇಡಂ ಕೊರಳಿಂದ ತೂಗುತ್ತಾ, ಒಂದೇ ಗೆರೆ ಬರಲಿ, ಆ ಕಾಗದದ ಮಾನ ಹೋಗಲಿ ಎಂದು ಬೇಡಿಕೊಂಡೆ. ಒಂದೇ ಗೆರೆ ಬಂದರೆ ಆ ತಾಯಿಯ ಮಾನವೇ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೇಡಿಕೊಂಡೆ.

ಮೊದಲ ಗೆರೆ ಬಂತು. ಆಮೇಲೆ, ತೆಳ್ಳಗೆ, ಎರಡನೆಯದೂ ಬಂತು.

ಸುಲೋಚನಾ ಮೇಡಂ ಆ ಹೂವನ್ನು ತೆಗೆದು, ಬಿಳಿ ಹಾಳೆಯ ಮೇಲೆ ಬಡಿದು, ನನ್ನನ್ನು ಬಿಡಿಸಿ ನೋಡಿದರು. ಹಾಳೆಯ ತುಂಬ ಒಣಹುಲ್ಲಿನ ಬಣ್ಣದ ಹುಳುಗಳು ಓಡಿದವು.

"ಹೂವಿನೊಳಗೆ ನೋಡ್ಲಿಲ್ಲ ನಾನು. ನಿನ್ ಮಾತು ಕೇಳ್ಬಾರ್ದು ಅನ್ನೋದೊಂದೇ ತಲೇಲಿತ್ತು ನಸೀಮಾ" ಎಂದರು.

ಅದೇ ಮಧ್ಯಾಹ್ನ ಅವರು ಅತಿಥಿಗೃಹಕ್ಕೆ ಹೋಗಿ, ಅಡುಗೆಯವರೂ ಕಾವಲುಗಾರರೂ ಕೇಳುವಂತೆ, "ತಪ್ಪು ನಂದು, ಅವರದ್ದಲ್ಲ" ಎಂದು ಚಂಗಪ್ಪನವರಿಗೆ ಹೇಳಿದರು. ಚಂಗಪ್ಪ ತೋಟವನ್ನು ದೊಡ್ಡತಾಯಮ್ಮನಿಗೇ ಮರಳಿ ಒಪ್ಪಿಸಿದರು. ಮಡಿಯನ್ನು ಕಿತ್ತದ್ದು ದೊಡ್ಡತಾಯಮ್ಮನೇ. ಬೇರೆಯವರಿಗೆ ಬಿಡಲಿಲ್ಲ. ಬೆಂಕಿ ಹಚ್ಚುವಾಗಲೂ ಕಣ್ಣೀರು ಹಾಕಲಿಲ್ಲ, ಕೋಲಿನಿಂದ ಗೆಡ್ಡೆಗಳನ್ನು ತಿರುವಿ ಹಾಕುತ್ತಾ, "ಸರ್ಯಾಗಿ ಬೇಯ್ಲಿ" ಎಂದರು. ಆ ವರ್ಷ ಪ್ರದರ್ಶನಕ್ಕೆ ಆ ತೋಟದಿಂದ ಹೂ ಹೋಗಲಿಲ್ಲ.

ಆದರೆ ಹಿಂದಿನ ವರ್ಷ ಒಣಗಿಸಿದ್ದ ಬೀಜ ಅವರ ಮನೆಯ ಒಂದು ಡಬ್ಬಿಯಲ್ಲಿತ್ತು. ಈ ನಂಜು ಬೀಜದಿಂದ ದಾಟುವುದಿಲ್ಲ ಎಂದು ನಸೀಮಾ ಧೈರ್ಯ ಹೇಳಿದಳು. "ಆದ್ರೆ ಅದೇ ಬಣ್ಣ ಬರುತ್ತೆ ಅಂತ ಹೇಳೋಕಾಗಲ್ಲ ಅಮ್ಮ."

ಬರಲಿಲ್ಲ. ಮರುವರ್ಷ ಕೆಂಪು ಬಂತು, ಹಳದಿ ಬಂತು, ತಿಳಿಗುಲಾಬಿ ಬಂತು. ನೇರಳೆ ಒಂದೂ ಇರಲಿಲ್ಲ. ಆ ಹೂಗಳನ್ನು ನೋಡಲು ಹೋದ ದಿನ ಸುಲೋಚನಾ ಮೇಡಂ ನನ್ನನ್ನು ಕೊರಳಿಂದ ತೆಗೆದು ದೊಡ್ಡತಾಯಮ್ಮನಿಗೆ ಹಾಕಿದರು. "ನೀವು ದಿನಾ ಹೂವಿನ ಹತ್ರಾನೇ ಇರ್ತೀರ. ನನಗಿಂತ ನಿಮಗೆ ಬೇಕು ಇದು" ಎಂದರು. ನನಗೆ ಅವಮಾನವಾಯಿತು. ಕಾಲೇಜಿನಲ್ಲಿ ಮೆರೆದ ನಾನು ತೋಟಕ್ಕಿಳಿದೆನಲ್ಲ ಎಂದು ಎಷ್ಟೋ ದಿನ ಕೊರಗಿದೆ.

ಅದಾಗಿ ಒಂಬತ್ತು ವರ್ಷ. ಈಗ ನನ್ನ ಅಂಚು ಮಂಜಾಗಿದೆ, ಕವಚದ ತಿರುಪು ಸಡಿಲ. ಬಿಡುವಿನಲ್ಲಿ ಗುದ್ದಲಿಗಳ ಪಕ್ಕ ಒಂದು ಮೊಳೆಗೆ ನೇತಾಡುತ್ತೇನೆ. ಬೆಳಗಾದರೆ ದೊಡ್ಡತಾಯಮ್ಮ ಬಂದು, ಪ್ರತಿ ಹೂವನ್ನೂ ಬೆರಳಲ್ಲಿ ಬಿಡಿಸಿ, ನನ್ನನ್ನು ದಳದ ಬುಡದವರೆಗೂ ಇಳಿಸುತ್ತಾರೆ. ಅವರಷ್ಟು ತಾಳ್ಮೆಯಿಂದ ಯಾರೂ ನನ್ನ ಮೂಲಕ ನೋಡಿಲ್ಲ. ಅನುಮಾನ ಬಂದರೆ ನಸೀಮಾಳಿಗೆ ಫೋನು.

"ಒಳಗೆ ನೋಡಿದ್ರಾ ಅಮ್ಮ?"

"ನೋಡ್ದೆ ಕಣವ್ವ. ಮೂರ್ ಹುಳ ಅವೆ. ಬಾ, ಚೀಟಿ ಹಾಕು."

ಅವಳು ಬರುತ್ತಾಳೆ. ಇಬ್ಬರ ತಲೆಗಳೂ ಆ ಪಟ್ಟಿಯ ಮೇಲೆ ಬಾಗುತ್ತವೆ, ನನ್ನನ್ನು ಯಾರೂ ಕೇಳುವುದಿಲ್ಲ. ಹೊಟ್ಟೆಕಿಚ್ಚು ಹೋಯಿತೆಂದು ಸುಳ್ಳು ಹೇಳಲಾರೆ, ಇಂದಿಗೂ ಚುರುಕ್ಕೆನ್ನುತ್ತದೆ. ಆದರೆ ದೊಡ್ಡತಾಯಮ್ಮ ಉಸಿರು ಬಿಗಿಹಿಡಿದಾಗ ಅವರ ಎದೆ ಬಡಿದುಕೊಳ್ಳುವುದು ನನ್ನ ಹಿತ್ತಾಳೆಗೆ ತಾಗುತ್ತದೆ. ಆಗ ನಾನೂ ಒಂದೇ ಗೆರೆ ಬರಲಿ ಎಂದು ಬೇಡಿಕೊಳ್ಳುತ್ತೇನೆ, ಈ ಸಲ ಗಿಡಕ್ಕಾಗಿ.